ಕೊನೇಗೆ ಗಾಡಿ ಮುಟ್ಟಿದ್ದು ಯಾರು?

ಮೆಕ್ಯಾನಿಕ್ ತಿಮ್ಮರಾಯಣ್ಣ ಕೆಟ್ಟು ನಿಂತ ಗಾಡಿಯ ಹತ್ತಿರ ಬಂದರೆ ಮೊದಲು ಗಾಡಿ ನೋಡುತ್ತಿರಲಿಲ್ಲ, ನಮ್ಮ ಕೈ ನೋಡುತ್ತಿದ್ದ. ನಾವು ಬಾನೆಟ್ ಎತ್ತಿ ಹಿಡಿದು ಹಿಂಗಾಯ್ತು, ಹಂಗಾಯ್ತು ಅಂತ ಬಡಬಡಿಸುತ್ತಿದ್ದರೆ ಅವನು ಕಿವಿಗೇ ಹಾಕಿಕೊಳ್ಳುತ್ತಿರಲಿಲ್ಲ. ಎಲ್ಲರ ಕೈಗಳ ಮೇಲೆ ಒಂದು ಸುತ್ತು ಕಣ್ಣಾಡಿಸಿ, ಹೆಗಲ ಮೇಲಿನ ಟವಲಿನಲ್ಲಿ ಮುಖ ಒರೆಸಿಕೊಂಡು ಒಂದೇ ಒಂದು ಪ್ರಶ್ನೆ ಕೇಳುತ್ತಿದ್ದ. "ಕೊನೇಗೆ ಗಾಡಿ ಮುಟ್ಟಿದ್ದು ಯಾರು?"

ಇದಕ್ಕೆ ಉತ್ತರ ಬರುವವರೆಗೆ ಸ್ಪ್ಯಾನರು ಮೇಲೇಳುತ್ತಿರಲಿಲ್ಲ. ಹೊಸೂರಿನ ಹತ್ತಿರ ಬೇರಿಕೆಯ ಸಂತೆಬೀದಿಯಲ್ಲಿದ್ದ ಅವನ ತಗಡಿನ ಶೆಡ್ಡಿನ ಮುಂದೆ ಒಂದು ಸಲ ಟೊಮೆಟೊ ತುಂಬಿದ ಟೆಂಪೊ ನಿಂತುಬಿಟ್ಟಿತ್ತು. "ಯಾರೂ ಮುಟ್ಟಿಲ್ಲಣ್ಣ" ಅಂದ ಡ್ರೈವರ್. "ಸರಿ ಕಣ್ಲಾ, ಯಾರೂ ಮುಟ್ದೆ ಕೆಟ್ಟಿದ್ದು ಯಾರೂ ಮುಟ್ದೇನೇ ಸರಿಯೋಯ್ತದೆ" ಅಂತ ತಿಮ್ಮರಾಯಣ್ಣ ಎದುರಿನ ಟೀ ಅಂಗಡಿಗೆ ಹೋಗಿ ಕೂತ. ಎರಡನೇ ಟೀ ಮುಗಿಯುವಷ್ಟರಲ್ಲಿ ಡ್ರೈವರ್ ತಲೆ ಕೆರೆದುಕೊಂಡು ಬಂದು, ತನ್ನ ಬಾಮೈದ ಹೊಸ ಹಾರನ್ ಹಾಕೋಕೆ ವೈರ್ ಕಿತ್ತಿದ್ದನ್ನು ಒಪ್ಪಿಕೊಂಡ. ಐದು ನಿಮಿಷದ ಕೆಲಸ. "ಇಂಜಿನ್ ಸುಳ್ಳೇಳಲ್ಲ ಕಣ್ರಪ್ಪ, ಓನರ್ ಹೇಳ್ತಾನೆ. ಬೋಲ್ಟ್ ಬಿಚ್ಚೋಕೆ ಅರ್ಧ ಗಂಟೆ, ಅವ್ನ ಬಾಯ್ ಬಿಚ್ಚೋಕೆ ಅರ್ಧ ದಿನ" ಅನ್ನುತ್ತಿದ್ದ. ಗಿರಾಕಿಗಳನ್ನು ಬೈಯಲು ತಮಿಳು, ಹೆಂಡತಿಯ ಜೊತೆ ತೆಲುಗು, ನಮ್ಮ ಜೊತೆ, ಇಂಜಿನ್ನಿನ ಜೊತೆ ಕನ್ನಡ. "ಏನಮ್ಮಣ್ಣಿ, ಎಲ್ಲಿ ನೋಯ್ತದೆ?" ಅಂತ ಬಾನೆಟ್ ಒಳಗೆ ತಲೆ ಹಾಕಿ ಕೇಳುವುದನ್ನು ನಾನೇ ಕೇಳಿದ್ದೇನೆ.

ನಾನು ಈ ತಾಳ್ಮೆಗೆ ತದ್ವಿರುದ್ಧ. ಕೂತಲ್ಲಿ ಕೂರುವವಳಲ್ಲ. ಹೊಸೂರಿನ ಒಂದು ಬಿಡಿಭಾಗದ ಕಾರ್ಖಾನೆಯಲ್ಲಿ ಲೈನ್ ಸೂಪರ್‌ವೈಸರ್ ಆಗಿ ಬದುಕು ಸವೆಸಿದವಳು. ಲೈನ್ ನಿಂತರೆ ತಪ್ಪು ಯಾರದು ಅಂತ ಹಿಡಿದು ನಿಲ್ಲಿಸುವುದೇ ನನ್ನ ಕೆಲಸವಾಗಿತ್ತು, ಆ ಚಾಳಿ ಮನೆಗೂ ಬಂತು. ನಮ್ಮವರು, ಶ್ರೀನಿವಾಸ, ಅದೇ ಕಾರ್ಖಾನೆಯ ಸ್ಟೋರ್ಸಿನಲ್ಲಿದ್ದವರು. ಒಂದು ಮಾತಿಗೆ ಹತ್ತು ನಿಮಿಷ ಯೋಚಿಸುವ ಮನುಷ್ಯ. ಇಬ್ಬರೂ ನಿವೃತ್ತರಾದ ಮೇಲೆ ಅವರ ಆಸೆಗೆ ಒಂದು ಹಳೇ ಡೀಸೆಲ್ ವ್ಯಾನು ಕೊಂಡು, ಒಳಗೆ ಮಂಚ, ಒಲೆ, ನೀರಿನ ತೊಟ್ಟಿ ಹಾಕಿಸಿ ಮನೆಗಾಡಿ ಮಾಡಿಸಿದೆವು. ಕಟ್ಟಿಕೊಟ್ಟ ಆಸಾಮಿ ಡೀಸೆಲ್ ಟ್ಯಾಂಕಿಗೂ ನೀರಿನ ತೊಟ್ಟಿಗೂ ಅಕ್ಕಪಕ್ಕದಲ್ಲೇ ಒಂದೇ ಥರದ ಕರೀ ಮುಚ್ಚಳ ಹಾಕಿದ್ದ. ತಿಮ್ಮರಾಯಣ್ಣ ಮೊದಲ ದಿನವೇ ಅದನ್ನು ನೋಡಿ "ಅವಳಿ ಜವಳಿ ಮಕ್ಳು ಇದ್ದಂಗವೆ, ಜ್ವಾಪಾನ" ಅಂದಿದ್ದ.

ಎರಡು ಪ್ರವಾಸ ಮುಗಿಯುವಷ್ಟರಲ್ಲಿ ಇವರಿಗೆ ಲಕ್ವ ಹೊಡೆಯಿತು. ದೇವರು ದೊಡ್ಡವನು, ಎದ್ದು ಓಡಾಡುವಂತಾದರು. ಆದರೆ ಎಡಗೈ ಸೋತುಹೋಯಿತು, ಮರೆವು ಬಂತು. ಸ್ಟೇರಿಂಗ್ ನನ್ನ ಕೈಗೆ ಬಂತು. ಆರು ತಿಂಗಳು ಕಿಟಕಿಯಲ್ಲಿ ಕೂತು ಅಂಗಳದಲ್ಲಿದ್ದ ಗಾಡಿಯನ್ನೇ ನೋಡುತ್ತಿದ್ದ ಮನುಷ್ಯ ಒಂದು ದಿನ "ನಾಟ್ರಾಂಪಾಳ್ಯಕ್ಕೆ ಹೋಗೋಣ ಕಣೆ, ಚಳಿಗಾಲದಲ್ಲಿ ಆ ಕಾಡು ನೋಡಬೇಕು" ಅಂದರು. ನಾನು ಒಂದು ಷರತ್ತು ಹಾಕಿದೆ. ಈ ಸಲ ಏನಾದರೂ ಎಡವಟ್ಟು ಮಾಡಿದರೆ ಗಾಡಿ ಮಾರುವುದೇ. ಪಕ್ಕದ ಮತ್ತಿಗಿರಿಯಲ್ಲೇ ಕೊಳ್ಳುವವನೊಬ್ಬ ಕಾದಿದ್ದ. ಇವರು ಹೂಂ ಅಂದರು. ಪಾಪ, ಇನ್ನೇನು ತಾನೇ ಅಂದಾರು!

ಮೊದಲ ರಾತ್ರಿ ಬೇರಿಕೆಯ ಪಕ್ಕದ ಪರಿಚಯದವರ ತೋಟದಲ್ಲಿ ತಂಗಿದೆವು. ದಿಕ್ಕು ಬೇರೆಯಾದರೂ, ಏನಾದರೂ ಆದರೆ ತಿಮ್ಮರಾಯಣ್ಣ ಹತ್ತಿರದಲ್ಲಿರುತ್ತಾನೆ ಅನ್ನುವ ಧೈರ್ಯ. ಧನುರ್ಮಾಸದ ಮಂಜು, ಕೈ ಚಾಚಿದರೆ ಬೆರಳು ಕಾಣದು. ನನಗೆ ಮೂಗು ಕಟ್ಟಿ ತಲೆ ಸಿಡಿಯುತ್ತಿತ್ತು. ದಾರಿಯಲ್ಲಿ ಅಂಚೆಟ್ಟಿ ದಾಟಿದ ಮೇಲೆ ಆನೆ ಕಾಟ, ಬೆಳಕಿರುವಾಗಲೇ ನಾಟ್ರಾಂಪಾಳ್ಯ ಸೇರಬೇಕು. ನನಗೆ ಕಾಲು ನಿಲ್ಲದು. ಇವರು ಹಲ್ಲುಜ್ಜುವಷ್ಟರಲ್ಲಿ ಹಾಸಿಗೆ ಮಡಿಸಿ, ಪಾತ್ರೆ ತೊಳೆದು, ಸಾಲದೆ ಹೋದೀತು ಅಂತ ಒಂದು ಬಿಂದಿಗೆ ನೀರನ್ನೂ ತುಂಬಿ, "ಹತ್ತಿ, ಹತ್ತಿ" ಅಂತ ಹೊರಡಿಸಿದೆ.

ಎರಡು ಕಿಲೋಮೀಟರ್ ಹೋಗಿರಲಿಲ್ಲ. ಗಾಡಿ ಕೆಮ್ಮಿತು, ಹಿಂದೆ ಬೆಳ್ಳಗೆ ಹೊಗೆ ಬಿಟ್ಟಿತು, ನಿಂತೇಹೋಯಿತು. ಎಷ್ಟು ಸೆಲ್ಫ್ ಹೊಡೆದರೂ ಊಹೂಂ.

ತಿಮ್ಮರಾಯಣ್ಣನಿಗೆ ಫೋನ್ ಮಾಡಿ, ಅವನು ಬರುವವರೆಗೆ ರಸ್ತೆ ಪಕ್ಕ ಅತ್ತಿಂದಿತ್ತ ಓಡಾಡುತ್ತ ಇವರನ್ನು ಬೈದೆ. ನೆನ್ನೆ ಬಂಕಿನಲ್ಲಿ ಇಳಿದವರು ನೀವು, ಏನು ಹಾಕಿಸಿದಿರಿ, ಏನು ಮರೆತಿರಿ, ಮುಚ್ಚಳ ಸರಿಯಾಗಿ ಹಾಕಿದಿರೋ ಇಲ್ಲವೋ, ಹೊರಡುವುದೇ ಬೇಡ ಅಂತ ಬಡಕೊಂಡೆನಲ್ಲ! ಬಾಯಿಗೆ ಬಂದದ್ದೆಲ್ಲ ಅಂದೆ. ಇವರು ಮೈಲಿಗಲ್ಲಿನ ಮೇಲೆ ಶಾಲು ಹೊದ್ದು ತಲೆ ತಗ್ಗಿಸಿ ಕೂತಿದ್ದರು.

ಮೊಪೆಡ್ ಮೇಲೆ ತಿಮ್ಮರಾಯಣ್ಣ ಬಂದ. ಇವರ ಕೈ ನೋಡಿದ, ನನ್ನ ಕೈ ನೋಡಿದ. "ಕೊನೇಗೆ ಗಾಡಿ ಮುಟ್ಟಿದ್ದು ಯಾರು?"

"ಇನ್ಯಾರು, ಇವರೇ!" ಅಂದೆ.

ಅವನು ಇವರ ಮುಖವನ್ನು ಒಂದು ಗಳಿಗೆ ನೋಡಿದ. ಆಮೇಲೆ, ಟೀಗೂ ಹೋಗದೆ, ಇನ್ನೊಂದು ಮಾತೂ ಕೇಳದೆ ಗಾಡಿ ಕೆಳಗೆ ನುಗ್ಗಿದ. "ಅಕ್ಕ, ತೋಟದೋರ್ಗೆ ಫೋನ್ ಮಾಡಿ, ಅವ್ರ ಬೈಕಲ್ಲಿ ಹೋಗಿ ಡೀಸೆಲ್ ಫಿಲ್ಟರ್ ಒಂದು, ಒಂದು ಕ್ಯಾನ್ ಡೀಸೆಲ್ ತಂದುಬುಡಿ" ಅಂತ ನನ್ನನ್ನು ಅಟ್ಟಿದ. ನಾನು ವಾಪಸ್ಸು ಬಂದಾಗ ಗಾಡಿ ಕೆಳಗಿನ ಮಣ್ಣು ಒದ್ದೆಯಾಗಿತ್ತು. ಇವರು ಒಂದು ಗಾಜಿನ ಬಾಟಲಿಯನ್ನು ಬೆಳಕಿಗೆ ಹಿಡಿದು ನಿಂತಿದ್ದರು. ಮೇಲೆ ಡೀಸೆಲ್, ತಳದಲ್ಲಿ ಎರಡು ಬೆರಳು ನೀರು.

"ನೀರು ಎಲ್ಲಿಂದ ಬಂತು?" ಅಂತ ಎಗರಿದೆ.

"ಮಾರ್ಗಳಿ ತಿಂಗ್ಳ ಚಳಿ ಅಲ್ವರಾ ಅಕ್ಕ, ಟ್ಯಾಂಕು ಬೆವರ್ತದೆ."

"ಬೆವರು ಇಷ್ಟೊಂದಾ?"

"ನಿಮ್ ಗಾಡಿಗೂ ನಿಮ್ಮಂಗೇ ಅರ್ಜೆಂಟು. ಬೆವರ್ದೆ ಇನ್ನೇನ್ ಮಾಡ್ತದೆ?"

ಇವರು ಎಷ್ಟೋ ದಿನಗಳ ಮೇಲೆ ನಕ್ಕರು. ಹೊಸ ಫಿಲ್ಟರ್ ಹಾಕಿ, ಪೈಪಿನಲ್ಲಿ ಸೇರಿದ್ದ ಗಾಳಿ ತೆಗೆಯಲು ಪಂಪ್ ಒತ್ತಬೇಕಿತ್ತು. ನಾನು ಕೈ ಹಾಕಲು ಹೋದರೆ "ನೀವು ಸುಮ್ಕಿರಕ್ಕ" ಅಂದು, ಇವರನ್ನು ಕರೆದು, "ಸಾರು, ಎಡಗೈಲೇ ಒತ್ತಿ, ಬಲಗೈ ಬ್ಯಾಡ" ಅಂದ. ಆ ಸೋತ ಕೈ ಒತ್ತಿತು, ನಿಂತಿತು, ಮತ್ತೆ ಒತ್ತಿತು. ನನಗೋ ಗಡಿಯಾರ, ಆನೆ, ಕತ್ತಲು! "ಬಿಡಣ್ಣ, ನಾನೇ ಎರಡು ನಿಮಿಷದಲ್ಲಿ..." ಅಂದರೆ "ಇಂಜಿನ್‌ಗೆ ಅರ್ಜೆಂಟ್ ಇಲ್ಲ" ಅಂದ. ಕೊನೆಗೆ ಸೆಲ್ಫ್ ಹೊಡೆದಾಗ ಇಂಜಿನ್ ಎರಡು ಸಲ ಮುಗ್ಗರಿಸಿ ಹಿಡಿದುಕೊಂಡಿತು. ಇವರು ತಮ್ಮ ಎಡಗೈಯನ್ನೇ ತಿರುಗಿಸಿ ತಿರುಗಿಸಿ ನೋಡಿಕೊಂಡರು.

ಹೊರಡುವ ಮುಂಚೆ ತಿಮ್ಮರಾಯಣ್ಣ ನಮ್ಮನ್ನು ಶೆಡ್ಡಿನ ಹತ್ತಿರ ನಿಲ್ಲಿಸಿಕೊಂಡು, ಸಂಕ್ರಾಂತಿಗೆ ಎತ್ತಿನ ಕೊಂಬಿಗೆ ಅಂತ ತಂದಿಟ್ಟಿದ್ದ ಬಣ್ಣ ತೆಗೆದು, ಡೀಸೆಲ್ ಮುಚ್ಚಳಕ್ಕೆ ಕೆಂಪು, ನೀರಿನ ಮುಚ್ಚಳಕ್ಕೆ ನೀಲಿ ಬಳಿದ. "ಇದ್ಯಾಕಣ್ಣ ಈಗ?" ಅಂದರೆ "ಹಬ್ಬ ಬತ್ತಾ ಐತಲ್ಲ" ಅಂದ. ಆನೆಗಳಿಗಿಂತ ಮುಂಚೆ ನಾವು ನಾಟ್ರಾಂಪಾಳ್ಯ ಸೇರಿದೆವು. ಟ್ಯಾಂಕು ಬೆವರಿದ್ದು ಯಾರ ಎಡವಟ್ಟೂ ಅಲ್ಲವಲ್ಲ, ಗಾಡಿಯನ್ನೂ ಮಾರಲಿಲ್ಲ.

ಮುಂದಿನ ಚಳಿಗಾಲ ಮತ್ತೆ ನಾಟ್ರಾಂಪಾಳ್ಯಕ್ಕೆ ಹೋದೆವು. ಬೆಳಗಿನ ಮಂಜು, ನನ್ನ ಅದೇ ಅವಸರ. ಬಿಂದಿಗೆ ಸೊಂಟಕ್ಕಿಟ್ಟು, ಲಾಳಿಕೆ ಹಿಡಿದು, ನೋಡದೆಯೇ ಮುಚ್ಚಳ ತಿರುಗಿಸಿದೆ. ಕೈಯೊಳಗೆ ಬಂದದ್ದು ಕೆಂಪು ಮುಚ್ಚಳ. ಈ ಸಲ ಮೂಗು ಸರಿಯಿತ್ತು, ಗಪ್ಪನೆ ಡೀಸೆಲ್ ವಾಸನೆ ಹೊಡೆಯಿತು. ಅಯ್ಯೋ ಶಿವನೇ! ಹೋದ ವರ್ಷವೂ ಈ ಕೈ ತಾನಾಗಿ ಇಲ್ಲಿಗೇ ಬಂದಿತ್ತು. ಬಿಂದಿಗೆ ಕೆಳಗಿಟ್ಟು ಅಲ್ಲೇ ಮಣ್ಣಿನಲ್ಲಿ ಕೂತುಬಿಟ್ಟೆ.

"ನಿಮಗೆ ಗೊತ್ತಿತ್ತಾ?" ಅಂತ ಇವರನ್ನು ಕೇಳಿದೆ.

"ಹೂಂ. ಗಾಡಿ ಕೆಮ್ಮಿದಾಗಲೇ."

"ಒಂದು ಮಾತು ಬೈಯಬಾರದಾಗಿತ್ತೇ ನನ್ನ!"

"ಬೈಯೋ ಸರದಿ ಯಾವತ್ತು ಬಿಟ್ಟುಕೊಟ್ಟಿದ್ದೀಯ ನೀನು?" ಅಂದರು. ನಾನು ಅತ್ತೆ. ತಪ್ಪಾಯ್ತು ಅಂದೆ. ಮದುವೆಯಾದ ಮೇಲೆ ಆ ಮಾತು ಅಂದದ್ದು ಅದೇ ಮೊದಲಿರಬೇಕು.

ಮನೆಗೂ ಹೋಗದೆ ನೇರ ಬೇರಿಕೆಗೆ ಓಡಿಸಿದೆ. ಆ ಹೊತ್ತಿಗೆ ತಿಮ್ಮರಾಯಣ್ಣನ ಕಿವಿ ಮಂದವಾಗಿತ್ತು. ಬದುಕಿಡೀ ಇಂಜಿನ್ ಕೇಳಿದ ಕಿವಿ. ಅವತ್ತು ಸಂತೆ ಬೇರೆ. "ತಿಮ್ಮರಾಯಣ್ಣ, ಹೋದ ವರ್ಷ ನೀರು ಹುಯ್ದದ್ದು ನಾನು" ಅಂದೆ.

"ಏನಂದ್ರಿ ಅಕ್ಕ?"

"ಡೀಸೆಲ್ ಟ್ಯಾಂಕಿಗೆ ನೀರು ಹುಯ್ದದ್ದು ನಾನು!"

ಕಿವಿಗೆ ಕೈ ಅಡ್ಡ ಇಟ್ಟುಕೊಂಡು "ಯಾರು?" ಅಂದ.

"ನಾನು! ನಾನೇ!" ಅಂತ ಅರಚಿದೆ. ಸೊಪ್ಪು ಮಾರುವವರು, ಟೀ ಅಂಗಡಿಯವರು, ಕೋಳಿ ಹಿಡಿದು ಹೊರಟಿದ್ದವರು ಎಲ್ಲ ತಿರುಗಿ ನೋಡಿದರು. ಅವನ ಮೀಸೆಯೊಳಗೆ ನಗು ಹರಿದಾಡಿತು. ಮೊದಲನೇ ಸಲವೇ ಕೇಳಿಸಿತ್ತು ಅಂತ ನನಗೆ ಈಗಲೂ ಗುಮಾನಿ.

"ಅವತ್ತೇ ಗೊತ್ತಿತ್ತು ಬುಡಕ್ಕ. ನಿಮ್ ಸ್ವೆಟರ್ ತೋಳು ಮೊಣಕೈಗಂಟ ಒದ್ದೆ ಇತ್ತು. ಸಾರ್ ಕೈ ಒಣಗೇ ಇತ್ತು."

"ಮತ್ತೆ ಯಾಕಣ್ಣ ಹೇಳಲಿಲ್ಲ? ಆ ಟೊಮೆಟೊ ಡ್ರೈವರನ್ನ ಹಂಗೆ ಕಾಯಿಸಿದವನು?"

"ಅವ್ನು ಬೈಸ್ಕೊಂಡು ಓಡುಸ್ತಾನೆ. ನೀವ್ ಹಂಗಲ್ಲ. ಸಾರು ಕಣ್ಣಲ್ಲೇ ಬ್ಯಾಡ ಅಂದ್ರು. ಹೇಳಿದ್ರೆ ಅವತ್ತಿಂದ ನೀವ್ ಸ್ಟೇರಿಂಗ್ ಮುಟ್ತಿರ್ಲಿಲ್ಲ, ಅವ್ರ ಕೈಲಿ ಆಗಾಕಿಲ್ಲ. ಓಡ್ಸೋ ಕೈಗೆ ಭಯ ಬಂದ್ರೆ ಇಂಜಿನ್ ಸರಿ ಮಾಡಿ ನಾನೇನ್ ಮಾಡ್ಲಿ?"

ಅದೇ ಕೊನೆಯ ಭೇಟಿ. ಆಡಿ ತಿಂಗಳಲ್ಲಿ, ನಮ್ಮ ಆಷಾಢದ ಹೊತ್ತಿಗೆ, ತಿಮ್ಮರಾಯಣ್ಣ ಹೋಗಿಬಿಟ್ಟ. ನಮಗೆ ಸುದ್ದಿ ಸಿಗುವಷ್ಟರಲ್ಲಿ ಶೆಡ್ಡಿನ ತಗಡೂ ಬಿಚ್ಚಿಯಾಗಿತ್ತು. ಮುಚ್ಚಳದ ಕೆಂಪು ಬಣ್ಣ ಅಲ್ಲಲ್ಲಿ ಏಳುತ್ತಿದೆ, ಹೊಸದು ಬಳಿಯಲು ಮನಸ್ಸಿಲ್ಲ. ಈಗ ಗಾಡಿಯನ್ನು ಹೊಸೂರಿನ ಗ್ಯಾರೇಜಿಗೆ ಒಯ್ಯುತ್ತೇವೆ. ಅಲ್ಲಿಯ ಮೆಕ್ಯಾನಿಕ್ ಒಳ್ಳೆಯವನೇ, ಬಂದವನೇ ಬಾನೆಟ್ ಎತ್ತುತ್ತಾನೆ, ಯಾರ ಕೈಯನ್ನೂ ನೋಡುವುದಿಲ್ಲ, ಏನೂ ಕೇಳುವುದಿಲ್ಲ. ನನಗೆ ತಡೆಯದು. ಅವನು ಸ್ಪ್ಯಾನರ್ ಎತ್ತುವ ಮುಂಚೆಯೇ ಹೇಳಿಬಿಡುತ್ತೇನೆ: "ಕೊನೇಗೆ ಗಾಡಿ ಮುಟ್ಟಿದ್ದು ನಾನಪ್ಪ."