ಎರೆಹುಳದ ಮಾತು ಬೇಡ ಅಂದೆ

ಹೋದ ಬುಧವಾರ, ಹಾಡಹಗಲೇ, ಹತ್ತಾರು ಜನರ ಮುಂದೆ, ಎಂಟು ವರ್ಷದ ಹುಡುಗಿಯೊಬ್ಬಳ ಬಾಯಿ ಮುಚ್ಚಿಸಿದೆ. ಅವಳು ನನ್ನ ಮೊಮ್ಮಗಳು, ಅನನ್ಯಾ.

ಮಗಳು ಅವಳಿಗೆ ಮನೆಯಲ್ಲೇ ಪಾಠ ಹೇಳುತ್ತಾಳೆ. (ಅಮೆರಿಕದ ಈ ನೇಪರ್‌ವಿಲ್‌ನಲ್ಲಿ ಜನ ಮನೆ ಕೊಳ್ಳುವುದೇ ಇಲ್ಲಿನ ಒಳ್ಳೆಯ ಶಾಲೆಗಾಗಿ. ನಾವು ಮನೆ ಕೊಂಡು ಶಾಲೆ ಬಿಟ್ಟವರು.) ಇಂಥ ಏಳೆಂಟು ಮನೆಗಳ ಮಕ್ಕಳು ವಾರಕ್ಕೊಮ್ಮೆ ಲೈಬ್ರರಿಯ ರೂಮಿನಲ್ಲಿ ಸೇರುತ್ತಾರೆ. ಒಬ್ಬೊಬ್ಬರೇ ಎದ್ದು, ತಮಗಿಷ್ಟವಾದದ್ದರ ಬಗ್ಗೆ ಎರಡು ನಿಮಿಷ ಮಾತಾಡಬೇಕು. ದೊಡ್ಡವರು ತಿದ್ದುವಂತಿಲ್ಲ. ಕೊನೆಗೆ ಯಾರಾದರೂ ಒಂದು ಪ್ರಶ್ನೆ ಕೇಳಬಹುದು. ಅಷ್ಟೇ.

ಆರು ತಿಂಗಳು ಅನನ್ಯಾ ಎದ್ದೇ ಇರಲಿಲ್ಲ. ಈ ಸಲ ತಾನಾಗಿ ಒಪ್ಪಿದಳು. ವಿಷಯ ಎರೆಹುಳ. ಮಳೆ ನಿಂತ ಮೇಲೆ ಮನೆ ಮುಂದೆ ಕಾರು ನಿಲ್ಲಿಸುವ ಡ್ರೈವ್‌ವೇ ಮೇಲೆ ಒದ್ದಾಡುವ ಹುಳಗಳನ್ನು ಎತ್ತಿ ಹುಲ್ಲಿಗೆ ಬಿಡುವುದು ಅವಳ ಕೆಲಸ.

ನಾನು ಸುಮ್ಮನಿರಬಹುದಿತ್ತು. ಆದರೆ ಕನ್ನಡ ಕೂಟದ ಊಟದಲ್ಲಿ ಗೆಳೆಯ ಶಂಕರಪ್ಪ ಕೆಣಕಿದ್ದ: "ಏನಯ್ಯಾ, ಮೊಮ್ಮಗಳನ್ನ ಮನೇಲೇ ಕೂರಿಸಿದ್ದೀರಂತೆ. ನಾಲ್ಕು ಜನರ ಮುಂದೆ ಬಾಯಿ ಬಿಡ್ತಾಳೋ, ಇಲ್ಲ ನಿನ್ನ ಹಾಗೇನೋ?"

"ಬಂದು ನೋಡು" ಅಂದುಬಿಟ್ಟೆ.

ಅವನ ಮುಂದೆ ಎರೆಹುಳ ಸಾಕೇ? ನಾನು ಎಸ್ಸೆಸ್ಸೆಲ್ಸಿ. ನನಗೆ ಗೊತ್ತಿರುವುದು ಆಗಸ್ಟ್ ಹದಿನೈದರ ಭಾಷಣ ಒಂದೇ. "ರೆಸ್ಪೆಕ್ಟೆಡ್ ಚೀಫ್ ಗೆಸ್ಟ್" ಅಂತ ಶುರುಮಾಡಿ, ಸಮಯದ ಮಹತ್ವದ ಬಗ್ಗೆ ಒಂದು ಪುಟ ಬರೆದೆ. ಮಗಳಿಗೆ ತಿಳಿಯದಂತೆ ಮೂರು ದಿನ ಬಾಯಿಪಾಠ ಮಾಡಿಸಿದೆ. (ಅಲ್ಲಿ ಚೀಫ್ ಗೆಸ್ಟೂ ಇಲ್ಲ, ವೇದಿಕೆಯೂ ಇಲ್ಲ. ಇರುವುದೊಂದು ಕಾರ್ಪೆಟ್.)

ಬುಧವಾರ ಶಂಕರಪ್ಪನೂ ಬಂದು ಕೂತ. ಅನನ್ಯಾ ಎದ್ದು ಶುರುಮಾಡಿ, ಮೂರನೇ ಸಾಲಿಗೇ ಮರೆತಳು. ನಾನು ಮುಂದಿನ ಸಾಲು ಪಿಸುಗುಟ್ಟಿದೆ. ಅವಳು ಚಾವಣಿ ನೋಡಿದಳು, ಉಸಿರೆಳೆದಳು. "ಆಕ್ಚುಯಲಿ, ವರ್ಮ್ಸ್ ಬ್ರೀದ್ ಥ್ರೂ ದೇರ್ ಸ್ಕಿನ್" ಅಂದಳು. ಮಕ್ಕಳೆಲ್ಲ ಮುಂದಕ್ಕೆ ಬಾಗಿದರು. ನಾನು ಮಾತ್ರ ಶಂಕರಪ್ಪನ ಮುಖ ನೋಡಿದೆ. ನಗುತ್ತಿದ್ದ.

"ಹುಳದ ಮಾತು ಬೇಡ ಪುಟ್ಟಿ, ಬರೆದುಕೊಟ್ಟಿದ್ದು ಹೇಳು." ಎಲ್ಲರಿಗೂ ಕೇಳುವಂತೆಯೇ ಅಂದೆ.

ಅವಳು ಅಲ್ಲೇ ಕೂತುಬಿಟ್ಟಳು.

ಮನೆಗೆ ಹೋಗುವಾಗ ಕಾರಿನಲ್ಲಿ ಮಗಳು ಕೇಳಿದಳು: "ಅಪ್ಪಾ, ಭಾಷಣ ಇದ್ದಿದ್ದು ಅವಳದಾ, ನಿಮ್ಮದಾ?"



ಈ ಬುಧವಾರ ಕಾರ್ಪೆಟ್ ಮೇಲೆ ನಾನೇ ನಿಂತೆ. ಹರಕುಮುರುಕು ಇಂಗ್ಲಿಷಿನಲ್ಲಿ, ತಪ್ಪು ನನ್ನದು, ಇವಳು ಚೆನ್ನಾಗಿಯೇ ಮಾತಾಡುತ್ತಿದ್ದಳು ಅಂದೆ. ಪ್ರಶ್ನೆಗೆ ಕೈ ಎತ್ತಿದವಳು ಅನನ್ಯಾ.

"ತಾತಾ, ವೈ ಡಿಡ್ ಯು ಸ್ಟಾಪ್ ಮಿ?"

"ಶಂಕರಪ್ಪ ತಾತ ನಗ್ತಿದ್ರು ಪುಟ್ಟಿ. ನಂಗೆ ನಾಚಿಕೆ ಆಯ್ತು."

"ಬಟ್ ಹಿ ಲೈಕ್ಡ್ ಇಟ್. ಅವತ್ತು ಪಾರ್ಕಿಂಗ್ ಲಾಟ್‌ನಲ್ಲಿ ಹಿ ಆಸ್ಕ್ಡ್ ಮಿ, ಚಳಿಗಾಲದಲ್ಲಿ ವರ್ಮ್ಸ್ ಎಲ್ಲಿಗೆ ಹೋಗುತ್ತೆ ಅಂತ."

"ನೀನೇನು ಹೇಳಿದೆ?"

"ನಥಿಂಗ್. ಹುಳದ ಮಾತು ಬೇಡ ಅಂದಿದ್ಯಲ್ಲ."

ಹೇಳಿದ ಮಾತು ಕೇಳುವ ಮಕ್ಕಳು ಬೇಕು ಅನ್ನುತ್ತೇವಲ್ಲ, ಇದಕ್ಕೇನಾ?