ಹುಳಕ್ಕೆ ಝುಣಕದ ವಡಿ

ಸೇಡಂನ ಪ್ರಯೋಗಾಲಯದಲ್ಲಿ ನನ್ನ ಕೆಲಸ ಹುಳಕ್ಕೆ ಅಡಿಗೆ ಮಾಡುವುದು. ತೊಗರಿ, ಕಡಲೆಯ ಕಾಯಿ ಕೊರೆಯುವ ಅದೇ ಹಸಿರು ಹುಳ. ಕಡಲೆ ಹಿಟ್ಟು, ಈಸ್ಟ್, ವಿಟಮಿನ್ ಪುಡಿ ಕಲಸಿ, ಅಗರ್ ಎಂಬ ಕಡಲಪಾಚಿಯ ಅಂಟು ಕುದಿಸಿ ಬೆರೆಸಿ, ಗಟ್ಟಿಯಾದ ಮೇಲೆ ಮನೆಯ ಝುಣಕದಂತೆ ವಡಿ ಕತ್ತರಿಸಿ ತಟ್ಟೆಯ ಒಂದೊಂದು ಗುಳಿಗೆ ಹಾಕುತ್ತೇನೆ. ಗುಳಿಗೊಂದೇ ಹುಳ. ಎರಡು ಬಿಟ್ಟರೆ ಒಂದು ಇನ್ನೊಂದನ್ನು ತಿಂದು ಮುಗಿಸುತ್ತದೆ; ಅಣ್ಣ-ತಮ್ಮ ಎನ್ನುವ ದಾಕ್ಷಿಣ್ಯ ಅದಕ್ಕಿಲ್ಲ. ಬೆಳೆದವುಗಳಿಗೆ ಹುಳದ್ದೇ ಒಂದು ರೋಗ ಹತ್ತಿಸಿ, ಸತ್ತ ಮೇಲೆ ಅರೆದು, ಹೊಲದ ಹುಳಕ್ಕೂ ಅದೇ ರೋಗ ಹತ್ತಲೆಂದು ಹೊಡೆಯುವ ಔಷಧ ಮಾಡುತ್ತಾರೆ. ಕೆಲವನ್ನು ಮಾತ್ರ ಪತಂಗವಾಗಿ ತತ್ತಿ ಇಡಲೆಂದು ಉಳಿಸುತ್ತೇವೆ.

ಇಲ್ಲೇ ಸೇಡಂ ತಾಲೂಕಿನ ಮುಧೋಳದಲ್ಲಿರುವ ನನ್ನ ಅವ್ವ ಇದನ್ನು ಕೇಳಿ ಹಣೆ ಬಡಿದುಕೊಂಡಿದ್ದಳು. ತೊಗರಿ ಗಿಡದ ಕೆಳಗೆ ಹಳೆ ಸೀರೆ ಹಾಸಿ, ಗಿಡ ಅಲುಗಾಡಿಸಿ, ಉದುರಿದ ಹುಳ ಸಾಯಿಸುವುದರಲ್ಲೇ ಅವಳ ಅರ್ಧ ಆಯುಷ್ಯ ಹೋಗಿದೆ.

"ನಾ ಸಾಯ್ಸಿ ಸಾಯ್ಸಿ ಸಾಕಾಗೀನಿ, ನೀ ಝುಣಕದ ವಡಿ ಮಾಡಿ ಉಣಸ್ಲಿಕತ್ತೀ!"

ಹೋಳಿ ಹುಣ್ಣಿಮೆ ಮುಗಿದ ವಾರ ಹಿಟ್ಟು ತೀರಿತು. ತರಿಸುವ ಅರ್ಜಿ ಮೇಜಿನಿಂದ ಮೇಜಿಗೆ ತಿರುಗುತ್ತಿತ್ತು. ನಾನು ಭಾರೀ ಶಾಣ್ಯಾಕಿಯಂತೆ ಊರಿಗೆ ಹೋಗಿ ಅವ್ವನ ಡಬ್ಬಿಯ ಕಡಲೆಯನ್ನು ಗಿರಣಿಗೆ ಹಾಕಿಸಿ ತಂದೆ. ನಮ್ಮ ಕಡೆ ಒಣ ಬೇವಿನ ಎಲೆ ಹಾಕದೆ ಯಾರೂ ಕಾಳು ತುಂಬಿಡುವುದಿಲ್ಲ. ಎಲೆಗಳನ್ನೇನೋ ಆರಿಸಿ ತೆಗೆದಿದ್ದೆ. ಡಬ್ಬಿಯ ತಳದಲ್ಲಿದ್ದ ಎಲೆಯ ಪುಡಿ ಕಾಳಿನ ಸಂಗಡ ಬೀಸಿ ಹೋದದ್ದು ಲಕ್ಷ್ಯಕ್ಕೇ ಬರಲಿಲ್ಲ.

ಮರುದಿನ ಹುಳಗಳು ವಡಿಯ ಕಡೆ ತಿರುಗಿಯೂ ನೋಡಲಿಲ್ಲ. ನಾಲ್ಕು ದಿನಕ್ಕೆ, ಪೊರೆ ಬಿಡಲಾಗದೆ, ಹಳೆ ಚರ್ಮದಲ್ಲಿ ಅರ್ಧ ಸಿಕ್ಕಿಕೊಂಡು ಕಪ್ಪಾಗತೊಡಗಿದವು. ತತ್ತಿಗೆಂದು ಉಳಿಸಿದವೂ ಬದುಕಲಿಲ್ಲ.

"ಏನ್ ಹಾಕೀರಿ ಇದ್ರಾಗ?" ಎಂದರು ನಮ್ಮ ಸಾಹೇಬರು. ಇದ್ದದ್ದು ಹೇಳಿದೆ. ಅವರು ಬೈದಿದ್ದರೆ ಹಗುರಾಗುತ್ತಿತ್ತು. "ವಂಶನೇ ಹೋಯ್ತಲ್ರಿ," ಎಂದಷ್ಟೇ ಹೇಳಿದರು. ಹೊಲದಲ್ಲಿ ತೊಗರಿ ಇಲ್ಲ, ಕಡಲೆ ಕಿತ್ತಾಗಿದೆ. ಇನ್ನು ಹುಳ ಸಿಗುವುದು ಮುಂದಿನ ಬೆಳೆಗೆ, ಆದರೆ ಔಷಧ ಅಷ್ಟರೊಳಗೇ ತಯಾರಿರಬೇಕು. ನಾಚಿಕೆಗೆ ನನಗೆ ಅಳುವೇ ಬಂತು.

ಅವ್ವ ನಗುತ್ತಾಳೆ ಎಂದುಕೊಂಡೇ ಊರಿಗೆ ಹೋಗಿ ಅವಳ ಮುಂದೆ ಹೇಳಿಕೊಂಡೆ. ಅವಳು ಕಳೆ ತೆಗೆಯುವ ಖುರ್ಪಿ ಹಿಡಿದು ಎದ್ದಳು. "ಎಲ್ಲಿ ಹೋಗ್ತಾವ? ಮಣ್ಣಾಗ ಮಕ್ಕೊಂಡಾವ, ಬಾ."

ಕಡಲೆ ಕಿತ್ತ ಹೊಲದಲ್ಲಿ ಕುಕ್ಕರಗಾಲಲ್ಲಿ ಕೂತು, ನಾಲ್ಕು ಬೆರಳು ಆಳ ಕೆದರಿ, ಹೆಂಟೆಗಳನ್ನು ಮೆಲ್ಲಗೆ ಒಡೆದಳು. ಸಾಯಿಸುವವರಿಗೇ ವಿಳಾಸ ಗೊತ್ತಿರುತ್ತದೆ ನೋಡಿ. ಪತಂಗವಾಗಲು ಹುಳ ಒಳಗೆ ಮಲಗಿದ್ದ, ಹುಣಸೆ ಬೀಜದ ಬಣ್ಣದ ಒಂದು ಕೋಶ ಅವಳ ಅಂಗೈಗೆ ಬಂದು, ಬಾಲ ಒಮ್ಮೆ ಕೊಡವಿತು. ಬೆಚ್ಚಿದಳು, ಆದರೆ ಬಿಡಲಿಲ್ಲ. "ಜೀವ ಅದ," ಎಂದಳು, ಭಾಳ ಸಣ್ಣ ದನಿಯಲ್ಲಿ. ಮಧ್ಯಾಹ್ನದ ಹೊತ್ತಿಗೆ ಇಪ್ಪತ್ತರ ಮೇಲೆ ಸಿಕ್ಕವು. ಹತ್ತಿಯಲ್ಲಿ ಸುತ್ತಿ ಸೆರಗಿನಲ್ಲಿ ಕಟ್ಟಿಕೊಂಡು ನನ್ನ ಜೊತೆ ಬಸ್ ಹತ್ತಿದಳು.

ಕೋಶ ಒಡೆದು ಬಂದ ಪತಂಗದ ಮುದ್ದೆಯಾದ ಒದ್ದೆ ರೆಕ್ಕೆ ನೋಡನೋಡುತ್ತಲೇ ಹರಡುವುದನ್ನು ನಾನು ನೂರಾರು ಸಲ ಕಂಡಿದ್ದೇನೆ. ಈ ಸಲ ಮೈ ಜುಮ್ಮೆಂದಿತು. ಬಿಳಿ ಅರಿವೆಯ ಮೇಲೆ ರವೆಯಂತೆ ತತ್ತಿ ಬಿದ್ದವು. ಒಡೆದು ಬಂದ ದಾರದೆಳೆಯಂಥ ಮರಿಗಳು ಮೊದಲು ತಮ್ಮ ತತ್ತಿಯ ಸಿಪ್ಪೆಯನ್ನೇ ತಿಂದವು. ಅಂಗಡಿಯ ಹಿಟ್ಟಿನಿಂದ ಹೊಸ ವಡಿ ಮಾಡಿ ಇಟ್ಟೆ. ಇವುಗಳ ಕುಲದಲ್ಲಿ ಯಾರೂ ಗಿಡ ಬಿಟ್ಟು ಬೇರೇನನ್ನೂ ತಿಂದವರಲ್ಲ. ಕೈ ಅಡಿಗೆ ಸೇರೀತೆ? ಒಂದು ಮರಿ ತಲೆ ಎತ್ತಿ, ಆ ಕಡೆ ಈ ಕಡೆ ತೂಗಿ, ಬಾಯಿ ಇಟ್ಟಿತು. ವಡಿಯ ಮೇಲೆ ಸೂಜಿ ಮೊನೆಯಷ್ಟು ತಗ್ಗು ಬಿತ್ತು. ಯಾವ ದೇವರ ಮುಂದೆಯೂ ಅಷ್ಟು ಮನಸಾರೆ ನಾನು ಕೈಮುಗಿದವಳಲ್ಲ.

ಹತ್ತು ದಿನ ಬಿಟ್ಟು ಅವ್ವ ನೋಡಲು ಬಂದಳು. ಬಹಳಷ್ಟು ಹುಳಕ್ಕೆ ಅವತ್ತೇ ರೋಗ ಹತ್ತಿಸುವುದಿತ್ತು. ಕೆಲವನ್ನು ಉಳಿಸಬೇಕು ಎಂದೆ. ಕಣದಲ್ಲಿ ಜೋಳದ ತೆನೆ ಆರಿಸುವಾಗಿನಂತೆ ಬಗ್ಗಿ, ಒಂದು ಗುಳಿಯ ಮೇಲೆ ಬೆರಳಿಟ್ಟಳು. "ಇದು ಬೀಜಕ್ಕ ಇಡು." ಮತ್ತೊಂದರ ಮೇಲಿಟ್ಟಳು. "ಇದೂ." ಆಮೇಲೆ ಅದರ ಪಕ್ಕದ್ದು.

"ಯವ್ವ, ಎಲ್ಲಾನೂ ಇಡ್ಲಿಕ್ಕ ಬರಲ್ಲ," ಎಂದೆ.

"ಗೊತ್ತದ," ಎಂದಳು. ಬೆರಳು ಮುಂದಿನ ಗುಳಿಗೆ ಸರಿಯಿತು.