ಒಂದೇ ಮೊಲ ಸಾಕಿತ್ತು

ಕಂಪನಿಯಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದುದು ಮೊಲದಕ್ಕ ಅಂತಲೇ. ಸೋಪು, ಬಣ್ಣ, ನೆಲ ತೊಳೆಯುವ ದ್ರಾವಣ, ಏನೇ ಹೊಸದು ಬಂದರೂ ಪೇಟೆಗೆ ಹೋಗುವ ಮುಂಚೆ ಮೊಲದ ಕಣ್ಣಿಗೆ ಒಂದು ತೊಟ್ಟು ಹಾಕಿ ನೋಡುತ್ತಿದ್ದ ಕಾಲ ಅದು. ಹಾಕುವವರು ಸಾಹೇಬರು, ಹಿಡಿದುಕೊಳ್ಳುವವಳು ಇವಳು. ಎಂಥ ಪುಕ್ಕಲು ಮೊಲವೂ ಇವಳ ತೋಳಿನ ಸಂದಿಗೆ ಮೂತಿ ತೂರಿಸಿ ಸುಮ್ಮನಾಗಿಬಿಡುತ್ತಿತ್ತು. ಆಮೇಲೆ ದಿನಾ ಕಣ್ಣು ನೋಡಿ, ಕೆಂಪು ಎಷ್ಟು, ಊತ ಎಷ್ಟು ಎಂದು ರಿಜಿಸ್ಟರಿನಲ್ಲಿ ಬರೆಯುವ ಕೆಲಸವೂ ಇವಳ ಪಾಲಿಗೇ.

ಒಂದು ಪರೀಕ್ಷೆಗೆ ಆರು ಮೊಲ, ಆರಕ್ಕೂ ಒಂದೇ ದಿನ. ಕೆಲಸಕ್ಕೆ ಸೇರಿದ ಎರಡನೇ ವರ್ಷಕ್ಕೇ ಅವಳಿಗೊಂದು ವಿಷಯ ಹೊಳೆಯಿತು. ಸುಡುವ ವಸ್ತುವಾದರೆ ಮೊದಲನೇ ಮೊಲದ ಕಣ್ಣೇ ಹೇಳಿಬಿಡುತ್ತಿತ್ತು. ಉಳಿದ ಐದು ನರಳಿ ನರಳಿ ಅದನ್ನೇ ಹೇಳುತ್ತಿದ್ದವು.

ಧೈರ್ಯ ಮಾಡಿ ಕೇಳಿದಳು: "ಸಾರ್, ಇವತ್ತು ಒಂದಕ್ಕೆ ಹಾಕಿ ನಾಳೆವರೆಗೆ ಕಾದ್ರೆ ಆಗಲ್ವಾ? ಅದರ ಕಣ್ಣೇ ಹೋದ್ಮೇಲೆ ಉಳಿದವಕ್ಕೆ ಯಾಕೆ?"

ಸಾಹೇಬರು ತಲೆ ಎತ್ತಲಿಲ್ಲ. "ಯಾವ ಕಾಲೇಜಲ್ಲಿ ಓದಿದ್ದಮ್ಮ ನೀನು?"

ಪಕ್ಕದವರು ನಕ್ಕರು. ನಾಚಿಕೆ ಮುಚ್ಚಿಕೊಳ್ಳಲು ಅವಳೂ ನಕ್ಕಳು. ಅವತ್ತು ಬಾಯಿಗೆ ಹಾಕಿಕೊಂಡ ಬೀಗವನ್ನು ಹತ್ತೊಂಬತ್ತು ವರ್ಷ ತೆಗೆಯಲಿಲ್ಲ.

ಮನೆಯಲ್ಲಿ ಮಗಳಿಗೆ ಸ್ನಾನ ಮಾಡಿಸುವಾಗ ಕಣ್ಣಿಗೆ ಸೋಪು ಹೋಗಿ ಕೂಸು ಚೀರಿದರೆ ಇವಳಿಗೆ ನೋಡಲಾಗುತ್ತಿರಲಿಲ್ಲ. ಮಗುವನ್ನು ಗಂಡನ ಕೈಗೆ ಕೊಟ್ಟು ಹೊರಗೆ ಬಂದುಬಿಡುತ್ತಿದ್ದಳು. "ಏನೇ, ಕೊಟ್ಟಿಗೆ ತುಂಬ ಮೊಲ ಸಂಭಾಳಿಸ್ತೀಯ, ಒಂದು ಮಗು ಸಂಭಾಳಿಸೋಕೆ ಬರಲ್ವಾ?" ಎಂದು ಅವನು ಛೇಡಿಸುತ್ತಿದ್ದ. ಬಸ್ ಮೆಕ್ಯಾನಿಕ್ ಅವನು; ಇವಳ ಕೆಲಸದ ಒಳಗುಟ್ಟು ಅವನಿಗೆ ಗೊತ್ತಿರಲಿಲ್ಲ.

ಆಮೇಲೆ ಸಾಹೇಬರ ಜಾಗಕ್ಕೆ ಒಬ್ಬ ಡಾಕ್ಟರಮ್ಮ ಬಂದರು. ತಿಂಗಳುಗಟ್ಟಲೆ ಹಳೇ ರಿಜಿಸ್ಟರುಗಳಲ್ಲಿ ತಲೆ ಹುದುಗಿಸಿ ಕೂತು, ಒಂದು ಮಧ್ಯಾಹ್ನ ಇವಳನ್ನು ಕರೆಸಿದರು.

"ಅಕ್ಕಾ, ಕಣ್ಣು ಕೆಟ್ಟ ಪರೀಕ್ಷೆಗಳಲ್ಲಿ ಮೊದಲನೇ ಮೊಲ ಹೇಳಿದ್ದನ್ನ ಉಳಿದವು ಒಂದ್ಸಲವೂ ಸುಳ್ಳು ಮಾಡಿಲ್ಲ. ನಿಮಗಿದು ಗೊತ್ತಾಗಿರಲಿಲ್ವಾ?"

"ಗೊತ್ತಿತ್ತು" ಎಂದಳು.

ನಿಯಮ ಬದಲಾಯಿತು. ಮೊದಲು ಒಂದೇ ಮೊಲ. ಎರಡು ವರ್ಷದಲ್ಲಿ ಅದೂ ಬೇಡವಾಯಿತು. ಉಳಿದಿದ್ದ ಹನ್ನೆರಡು ಮೊಲಗಳನ್ನು ಬೇಕೆಂದವರಿಗೆ ಕೊಟ್ಟರು. ಡಾಕ್ಟರಮ್ಮ ಒಂದು ಜೋಡಿ ಇವಳ ಮುಂದೆ ಹಿಡಿದರೆ ಹಿಂದಕ್ಕೆ ಸರಿದಳು. "ಬೇಡಮ್ಮ. ನನ್ನ ಕೈಗೆ ಬಂದ್ರೆ ನಂಬಿಬಿಡ್ತವೆ."

ಒಂದು ರಜೆಯ ದಿನ ಅಡುಗೆಮನೆಯಲ್ಲಿ ಕೂತು, ಮಗಳ ಪೆನ್ಸಿಲ್ ಹಿಡಿದು ಲೆಕ್ಕ ಹಾಕಿದಳು. ಬಾಯಿಗೆ ಬೀಗ ಹಾಕಿಕೊಂಡ ಮೇಲೆ ಕಣ್ಣು ಕೆಟ್ಟ ಪರೀಕ್ಷೆ ನಾನೂರ ಇಪ್ಪತ್ತಮೂರು, ಒಂದೊಂದಕ್ಕೂ ಸುಮ್ಮನೆ ನರಳಿದ ಮೊಲ ಐದು. ಎಲ್ಲವನ್ನೂ ಗಂಡನ ಮುಂದೆ ಬಿಚ್ಚಿಟ್ಟಳು.

ಅವನು ಪೆನ್ಸಿಲ್ಲನ್ನು ಅವಳ ಕೈಯಿಂದ ತೆಗೆದು ಪಕ್ಕಕ್ಕಿಟ್ಟ. "ನೀನು ಹೇಳಿದ್ರೂ ಯಾರು ಕೇಳ್ತಿದ್ರು, ಬಿಡು."

"ಕೇಳ್ತಿರಲಿಲ್ವೇನೋ. ಇನ್ನೊಂದ್ಸಲ ಹೇಳಬಹುದಿತ್ತು."

ನಿವೃತ್ತಿಯ ತನಕ ಅವಳು ಹೊಸ ಲ್ಯಾಬಿನಲ್ಲಿ ಗಾಜಿನ ತಟ್ಟೆ ತೊಳೆದಳು. ಮೊಲದ ಕಣ್ಣಿನ ಬದಲು, ಜೀವಕೋಶಗಳಿಂದ ಬೆಳೆಸಿದ ತೆಳು ಪದರದ ಮೇಲೆ ಅಲ್ಲಿ ತೊಟ್ಟು ಬಿಡುತ್ತಿದ್ದರು. ಅದು ಒದ್ದಾಡುವುದಿಲ್ಲ, ಯಾರೂ ಅದನ್ನು ಹಿಡಿದುಕೊಳ್ಳಬೇಕಿಲ್ಲ. ಆದರೂ ತೊಟ್ಟು ಬೀಳುವ ಹೊತ್ತಿಗೆ ಅವಳು ನಲ್ಲಿಯ ಕಡೆ ಮುಖ ತಿರುಗಿಸುತ್ತಿದ್ದಳು.